ನಿಮ್ಮ ಪ್ರಶ್ನೆ, ನನ್ನ ಒಲೆ: ಫ್ರೋಜನ್ ತರಕಾರಿಯಲ್ಲಿ ರಾತ್ರಿಯ ಊಟ

ರಾತ್ರಿ ಎಂಟಕ್ಕೆ ಮನೆ ಮುಟ್ಟುವವರು ಫ್ರೀಜರಿನಲ್ಲಿ ಎರಡು ಪೊಟ್ಟಣ ತರಕಾರಿ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಕಳೆದ ತಿಂಗಳು ಬರೆದಿದ್ದೆ. ಒಂದೇ ಸಾಲು ಅದು. ಅದಕ್ಕೆ ಬಂದಷ್ಟು ಪತ್ರ ಇಡೀ ಪುಟ ಬರೆದಾಗಲೂ ಬಂದಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ನನ್ನ ಆಫೀಸು ಮುಂಬಯಿಯ ಅಂಧೇರಿಯಲ್ಲಿ. ಮನೆಗೆ ಬರುವಾಗ ಎಂಟೂಕಾಲು. ನೀವು ಹೇಳಿದಿರಿ ಅಂತ ಬೀನ್ಸು, ಕ್ಯಾರೆಟ್ಟು, ಬಟಾಣಿ ಸೇರಿದ ಫ್ರೋಜನ್ ಪೊಟ್ಟಣ ತಂದೆ. ಹೊರಗಿಟ್ಟು ಕರಗಿಸಿ, ಚೆನ್ನಾಗಿ ತೊಳೆದು, ಉಪ್ಪು ಹಾಕಿ ಮುಚ್ಚಿ ಬೇಯಿಸಿದೆ. ಪಲ್ಯ ನೀರು ನೀರಾಯಿತು, ಬೀನ್ಸು ಮುದ್ದೆಯಾಯಿತು. ಮಕ್ಕಳು ಮುಟ್ಟಲಿಲ್ಲ. ಎಲ್ಲಿ ತಪ್ಪಿದೆ? (ಮೀರಾ ರೋಡಿನ ಓದುಗರು)

ಉತ್ತರ: ತಂಗೀ, ಕರಗಿಸಿದಿರಿ, ತೊಳೆದಿರಿ, ಮೊದಲೇ ಉಪ್ಪು ಹಾಕಿದಿರಿ, ಮುಚ್ಚಿಟ್ಟಿರಿ. ಈ ನಾಲ್ಕೂ ಮಾರುಕಟ್ಟೆಯಿಂದ ತಂದ ಹಸಿ ತರಕಾರಿಗೆ ಮಾಡುವ ಉಪಚಾರ. ಪೊಟ್ಟಣದ್ದಕ್ಕೆ ಅದು ಒಗ್ಗುವುದಿಲ್ಲ.

ಯಾಕೆ ಅಂದರೆ, ಅದು ಹಸಿ ತರಕಾರಿಯೇ ಅಲ್ಲ. ಕಾರ್ಖಾನೆಯಲ್ಲಿ ತೊಳೆದು, ಹೆಚ್ಚಿ, ಒಂದೆರಡು ನಿಮಿಷ ಕುದಿನೀರಿನಲ್ಲೋ ಹಬೆಯಲ್ಲೋ ಬಾಡಿಸಿ, ತಣ್ಣಗೆ ಮಾಡಿ, ಆಮೇಲೆ ಹೆಪ್ಪುಗಟ್ಟಿಸಿರುತ್ತಾರೆ. ಅಂದರೆ ಆಗಲೇ ಅರೆಬೆಂದಿದೆ. ಜೊತೆಗೆ ಒಳಗಿನ ನೀರು ಮಂಜುಗಡ್ಡೆ ಆಗುವಾಗ ಅದರ ಹರಳುಗಳು ತರಕಾರಿಯ ಜೀವಕೋಶಗಳ ಗೋಡೆಯನ್ನು ಚುಚ್ಚಿರುತ್ತವೆ. ಹೊರಗಿಟ್ಟು ಕರಗಿಸಿದರೆ ಆ ತೂತುಗಳಿಂದ ನೀರು ಸೋರುತ್ತದೆ, ತರಕಾರಿ ಜೋತುಬೀಳುತ್ತದೆ. ಆಮೇಲೆ ಮುಚ್ಚಿಟ್ಟರೆ ತನ್ನ ನೀರಿನಲ್ಲೇ ಇನ್ನೊಮ್ಮೆ ಬೇಯುತ್ತದೆ. ಮುದ್ದೆ ಆಗದೆ ಇನ್ನೇನಾದೀತು?

ನಾಳೆ ಹೀಗೆ ಮಾಡಿ ನೋಡಿ. ಮನೆಯಲ್ಲಿರುವ ಅತಿ ಅಗಲದ ಕಬ್ಬಿಣದ ಬಾಣಲೆ ತೆಗೆದುಕೊಳ್ಳಿ. ಎರಡು ಚಮಚ ಎಣ್ಣೆ, ಒಲೆ ದೊಡ್ಡ ಉರಿಯಲ್ಲಿ. ಸಾಸಿವೆ, ಜೀರಿಗೆ, ಇಂಗು, ಕರಿಬೇವು, ಒಂದು ಈರುಳ್ಳಿ. ಈರುಳ್ಳಿ ಅಂಚು ಕೆಂಪಾದ ಮೇಲೆ ತರಕಾರಿಯನ್ನು ಫ್ರೀಜರಿನಿಂದ ನೇರ ಬಾಣಲೆಗೆ ಸುರಿಯಿರಿ. ಅರ್ಧ ಕಿಲೋ ಪೊಟ್ಟಣ ಇಡೀ ಸುರಿಯಬೇಡಿ. ಅಷ್ಟು ಮಂಜು ಬಿದ್ದರೆ ಬಾಣಲೆ ಒಮ್ಮೆಲೇ ತಣ್ಣಗಾಗುತ್ತದೆ, ಹುರಿಯುವ ಬದಲು ಬೇಯಲು ಶುರುವಾಗುತ್ತದೆ. ಒಂದು ಸಲಕ್ಕೆ ಕಾಲು ಕಿಲೋ ಸಾಕು. ಹರಡಿ, ಎರಡು ನಿಮಿಷ ಸೌಟು ಹಾಕಬೇಡಿ. ಹಬೆ ಬುಸುಬುಸು ಏಳುತ್ತದೆ, ಏಳಲಿ. ಮುಚ್ಚಳ ಬೇಡವೇ ಬೇಡ. ಆಮೇಲೆ ಒಮ್ಮೆ ತಿರುವಿ, ಮತ್ತೆ ಬಿಡಿ. ಐದಾರು ನಿಮಿಷದಲ್ಲಿ ಅಲ್ಲಲ್ಲಿ ಕಂದು ಕಲೆ ಕಾಣುತ್ತದೆ. ಉಪ್ಪು ಆಗ ಹಾಕಿ. ಉಪ್ಪು ನೀರು ಎಳೆಯುತ್ತದೆ, ಅದಕ್ಕೇ ಕೊನೆಯಲ್ಲಿ.

ಇನ್ನು ನಮ್ಮ ಧಾರವಾಡದ ಕಡೆಯ ಒಂದು ಮಾತು. ಒಲೆ ಆರಿಸುವ ಮುಂಚೆ ಎರಡು ಚಮಚ ಗುರೆಳ್ಳು ಪುಡಿ ಹಾಕಿ. ಇಲ್ಲದಿದ್ದರೆ ಶೇಂಗಾ ಚಟ್ನಿಪುಡಿ. ಉಳಿದ ಪಸೆಯನ್ನೆಲ್ಲ ಪುಡಿ ಕುಡಿದು ತರಕಾರಿಗೆ ಅಂಟಿಕೊಳ್ಳುತ್ತದೆ. ಮಸಾಲೆ ರುಬ್ಬುವ ಕೆಲಸವೂ ಉಳಿಯಿತು. ಬೆಳಿಗ್ಗೆಯ ಚಪಾತಿ ಬಿಸಿ ಮಾಡಿಕೊಂಡರೆ ಒಂಬತ್ತರ ಒಳಗೆ ಊಟ ಮುಗಿಯುತ್ತದೆ.

ಪುಲಾವ್ ಮಾಡುವಾಗಲೂ ಇದೇ ಎಚ್ಚರ. ಬೀನ್ಸು, ಹೂಕೋಸನ್ನು ಅಕ್ಕಿ ಜೊತೆ ಕುಕ್ಕರಿಗೆ ಹಾಕಿ ಎರಡು ಸೀಟಿ ಹೊಡೆಸಿದರೆ ಕರಗಿಹೋಗುತ್ತವೆ. ಅಕ್ಕಿ, ಮಸಾಲೆ ಬೆಂದು ಕುಕ್ಕರ್ ತೆರೆದ ಮೇಲೆ, ಬೇರೆ ಬಾಣಲೆಯಲ್ಲಿ ಹುರಿದ ತರಕಾರಿಯನ್ನು ಮೇಲಿಂದ ಬೆರೆಸಿ. ಸಾಗುವಿಗಾದರೆ ರುಬ್ಬಿದ ಮಸಾಲೆ ಕುದ್ದು ಹಸಿ ವಾಸನೆ ಹೋದ ಮೇಲೆ ಹಾಕಿ, ನಾಲ್ಕು ನಿಮಿಷ ಸಾಕು.

ಮಕ್ಕಳು ತಿನ್ನಲೇಬೇಕು ಅಂದರೆ ಶುಕ್ರವಾರ ಪಾವ್‌ಭಾಜಿ ಮಾಡಿ. ಅದರಲ್ಲಿ ತರಕಾರಿ ಮುದ್ದೆ ಆಗಬೇಕು, ಅಲ್ವಾ? ಹೂಕೋಸು, ಬಟಾಣಿ, ಕ್ಯಾರೆಟ್ಟು ಪೊಟ್ಟಣದಿಂದ, ಬಟಾಟೆ ಮಾತ್ರ ತಾಜಾ ಬೇಯಿಸಿ. ಕೆಳಗಿನ ಬೇಕರಿಯ ಪಾವ್ ತಂದುಕೊಟ್ಟರೆ ಉಳಿದದ್ದು ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ನಮ್ಮ ಅತ್ತೆಯವರು ಫ್ರೋಜನ್ ಪೊಟ್ಟಣ ನೋಡಿದರೆ ಮುಖ ತಿರುಗಿಸುತ್ತಾರೆ. ಅದು ತಂಗಳು, ಅದರಲ್ಲಿ ಸತ್ವ ಇಲ್ಲ, ಈಗಿನವರ ಸೋಮಾರಿತನ ಅನ್ನುತ್ತಾರೆ. ನಿಜಾನಾ? (ಠಾಣೆಯ ಓದುಗರು)

ಉತ್ತರ: ಸೋಮಾರಿತನದ ಮಾತು ಮೊದಲು ಮುಗಿಸೋಣ. ನನಗೆ ಅದು ನೋಯಿಸುವ ಮಾತು.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಫೋರ್ಟಿನ ಒಂದು ಬ್ಯಾಂಕಿನಲ್ಲಿ ದುಡಿದವಳು. ಡೊಂಬಿವಲಿಗೆ ಮರಳುವ ಸಂಜೆಯ ಫಾಸ್ಟ್ ಲೋಕಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ಸೀಟು ಸಿಕ್ಕ ಕೂಡಲೇ ಚೀಲದಿಂದ ಬಟಾಣಿ ತೆಗೆದು ಸುಲಿಯುತ್ತಿದ್ದೆ. ಎದುರಿಗಿನವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದವರು ಚವಳಿಕಾಯಿ ಮುರಿಯುತ್ತಿದ್ದರು. ಸೀಟು ಸಿಗದ ದಿನ ಮೊರದ ಕೆಲಸ ಮನೆಯಲ್ಲೇ, ರಾತ್ರಿ ಒಂಬತ್ತಕ್ಕೆ. ನನ್ನ ಜೊತೆ ಪ್ರಯಾಣ ಮಾಡಿದ ಯಾರೂ ಸೋಮಾರಿಗಳಾಗಿರಲಿಲ್ಲ. ಸುಲಿದ ಬಟಾಣಿ ಆಗ ನಮ್ಮ ಅಂಗಡಿಗಳಲ್ಲಿ ಸಿಗುತ್ತಿದ್ದರೆ ಆ ಒಂದು ಗಂಟೆ ನಾವು ಕಣ್ಣುಮುಚ್ಚಿ ಕೂರುತ್ತಿದ್ದೆವು. ಈಗಿನ ಹುಡುಗಿಯರಿಗೆ ಆ ಗಂಟೆ ಸಿಕ್ಕಿದೆ. ಅದು ಅವರಿಗೇ ಇರಲಿ.

ಇನ್ನು ಸತ್ವ. ಬಟಾಣಿ ಕಿತ್ತ ಗಳಿಗೆಯಿಂದಲೇ ಅದರ ಸಿಹಿ ಹಿಟ್ಟಾಗಿ ತಿರುಗಲು ಶುರುವಾಗುತ್ತದೆ. ಹೊಲದಿಂದ ವಾಶಿಯ ಎಪಿಎಂಸಿಗೆ, ಅಲ್ಲಿಂದ ದಾದರಿಗೆ, ಅಲ್ಲಿಂದ ನಮ್ಮ ಸ್ಟೇಷನ್ ಹೊರಗಿನ ಗಾಡಿಗೆ ಬರುವಾಗ ಎರಡು ಮೂರು ದಿನ ಕಳೆದಿರಬಹುದು. ಸಿ ವಿಟಮಿನ್ನೂ ದಿನದಿನಕ್ಕೆ ಇಳಿಯುತ್ತದೆ. ಕಾರ್ಖಾನೆಯಲ್ಲಿ ಬಾಡಿಸುವಾಗಲೂ ಒಂದಷ್ಟು ಸಿ ವಿಟಮಿನ್ ನೀರಿಗೆ ಹೋಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಮೇಲೆ ಮೈನಸ್ 18 ಡಿಗ್ರಿಯಲ್ಲಿ ಉಳಿದದ್ದು ಬಹುಮಟ್ಟಿಗೆ ಹಾಗೇ ನಿಲ್ಲುತ್ತದೆ. ಬಾಡಿಸುವುದು ಅದಕ್ಕಾಗಿಯೇ. ತರಕಾರಿಯ ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಕುದಿಬಿಸಿಗೆ ಸಾಯುತ್ತವೆ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬೇಯಿಸಿದ ಹಿತ್ತಿಲ ತರಕಾರಿಗೆ ಪೊಟ್ಟಣ ಸಾಟಿಯಲ್ಲ. ಆದರೆ ನಮ್ಮ ಊರಿನಲ್ಲಿ ಹಿತ್ತಿಲು ಯಾರಿಗಿದೆ ಹೇಳಿ. ಫ್ರಿಜ್ಜಿನಲ್ಲಿ ಐದು ದಿನ ಬಾಡಿದ ಬೀನ್ಸಿಗಿಂತ ಪೊಟ್ಟಣದ ಬೀನ್ಸು ಕಡಿಮೆಯೇನಲ್ಲ.

ಅತ್ತೆಯವರಿಗೆ ಇನ್ನೊಂದು ಮಾತು ಹೇಳಿ. ಇದು ಈಗಿನದ್ದೂ ಅಲ್ಲ. ಕೆನಡಾದ ಲ್ಯಾಬ್ರಡಾರ್ ಎಂಬ ಕೊರೆಯುವ ಚಳಿಯ ಕಡೆ ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಚಳಿಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟುತ್ತಿತ್ತು. ತಿಂಗಳು ಕಳೆದು ಬೇಯಿಸಿದರೂ ತಾಜಾ ರುಚಿ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವರು ಅದನ್ನು ನೋಡಿ ಕಲಿತರು. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ತೂತು ಸಣ್ಣದು. ಇಷ್ಟೇ ಗುಟ್ಟು. 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಅವರ ಹೆಪ್ಪುಗಟ್ಟಿಸಿದ ಬಟಾಣಿ, ಪಾಲಕ್ ಮಾರಾಟಕ್ಕೆ ಬಂದವು. ನಿಮ್ಮ ಅತ್ತೆ ಹುಟ್ಟುವ ಮೊದಲೇ ಇರಬೇಕು, ಅಲ್ವಾ?

ಪ್ರಶ್ನೆ: ನಾವು ಮೈಸೂರಿನ ಕಡೆಯವರು. ಮದುವೆಯಾಗಿ ಮುಲುಂಡಿಗೆ ಬಂದು ಎರಡು ವರ್ಷ. ನನಗೀಗ ಐದು ತಿಂಗಳು. ಅವರೆಕಾಳು ಸಾರು ತಿನ್ನಬೇಕು ಅಂತ ಬಹಳ ಆಸೆಯಾಗಿದೆ. ಈ ಮಳೆಗಾಲದಲ್ಲಿ ಅವರೆಕಾಯಿ ಎಲ್ಲಿ ಸಿಗುತ್ತೆ ಆಂಟಿ? (ಮುಲುಂಡಿನ ಓದುಗರು)

ಉತ್ತರ: ಮಗಳೇ, ಈ ಪತ್ರವನ್ನು ಎರಡು ಸಲ ಓದಿದೆ. ಬಸುರಿಯ ಬಯಕೆ ಕಾಯಬಾರದು. ನಿಮ್ಮ ಅದೃಷ್ಟ, ನೀವು ಇರುವುದು ಮುಲುಂಡಿನಲ್ಲಿ.

ನಿಮ್ಮಲ್ಲಿ ಗುಜರಾತಿಗಳ ಅಂಗಡಿ ಬೇಕಾದಷ್ಟಿವೆ. ಒಳಗೆ ಹೋಗಿ ಫ್ರೋಜನ್ ‘ಸುರ್ತಿ ಪಾಪ್ಡಿ ಲೀಲ್ವಾ’ ಕೇಳಿ. ಅವರು ಚಳಿಗಾಲದಲ್ಲಿ ಊಂಧಿಯು ಮಾಡುತ್ತಾರಲ್ಲ, ಅದಕ್ಕೆ ಹಾಕುವ ಕಾಳು. ಅದು ನಮ್ಮ ಅವರೆಯ ಜಾತಿಯದೇ. ಇಲ್ಲಿಯ ಮರಾಠಿಯವರು ಪಾವ್ಟಾ ಅನ್ನುವುದೂ ಅದನ್ನೇ. ಪಕ್ಕದಲ್ಲೇ ‘ತುವೇರ್ ಲೀಲ್ವಾ’ ಅಂತ ಇನ್ನೊಂದು ಪೊಟ್ಟಣ ಇರುತ್ತದೆ. ಅದು ಹಸಿ ತೊಗರಿಕಾಳು. ಅದರ ಸಾರೂ ಚೆನ್ನ, ಆದರೆ ನಿಮಗೆ ಬೇಕಾದ್ದು ಅದಲ್ಲ. ಗುರುತು ಹೇಳುತ್ತೇನೆ: ಅವರೆ ಸ್ವಲ್ಪ ಚಪ್ಪಟೆ, ದೊಡ್ಡದು, ಅಂಚಿನಲ್ಲಿ ಎದ್ದು ಕಾಣುವ ಬಿಳಿ ಗೆರೆ. ತೊಗರಿ ಸಣ್ಣಗೆ, ಗುಂಡಗೆ.

ಇದನ್ನು ನನಗೆ ಕಲಿಸಿದ್ದು ನಮ್ಮ ಬಿಲ್ಡಿಂಗಿನ ಹಾಸನದ ಕಡೆಯ ಗೆಳತಿ. ಮಾಟುಂಗಾ ಮಾರ್ಕೆಟ್ಟಿನಲ್ಲಿ ಬಾಳೆಎಲೆಯಿಂದ ಮಂಗಳೂರು ಸೌತೆವರೆಗೆ ಎಲ್ಲ ಸಿಗುತ್ತದೆ, ಆದರೆ ಜುಲೈಯಲ್ಲಿ ಹಸಿ ಅವರೆ ಕೇಳಿದರೆ ಅಂಗಡಿಯವರು ಕೈ ಆಡಿಸುತ್ತಾರೆ. ಅವಳು ಹುಡುಕಿ ಹುಡುಕಿ ಈ ಲೀಲ್ವಾ ಕಂಡುಕೊಂಡಳು. ಅವಳ ಸಾರು ಹೀಗೆ. ಧನಿಯಾ, ಒಣಮೆಣಸು, ಚೂರು ಚಕ್ಕೆ, ಎರಡು ಲವಂಗ ಹುರಿಯುವುದು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಟೊಮೇಟೊ ಬಾಡಿಸುವುದು. ಕಾಯಿತುರಿ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬುವುದು. ಮಸಾಲೆ ಕುದಿಯುವಾಗ ಕಾಳನ್ನು ಫ್ರೀಜರಿನಿಂದ ನೇರ ಹಾಕಿ, ಬೆರಳಲ್ಲಿ ಒತ್ತಿದರೆ ಮೆದುವಾಗುವವರೆಗೆ ಬೇಯಿಸುವುದು. ಪೊಟ್ಟಣದಿಂದ ಪೊಟ್ಟಣಕ್ಕೆ ಕಾಳಿನ ಎಳೆತನ ಬೇರೆ ಇರುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಹಿತಕಿದಬೇಳೆ ಬೇಕೆಂದರೆ ಕಾಳನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಬಿಡಿ. ಸಿಪ್ಪೆ ಸಡಿಲವಾಗುತ್ತದೆ, ಹಿತುಕಿದರೆ ಬೇಳೆ ಜಾರಿ ಬರುತ್ತದೆ. ಆ ಕೆಲಸ ನೀವು ಮಾಡಬೇಡಿ, ಯಜಮಾನರಿಗೆ ಕೊಡಿ.

ಒಂದು ಮಾತ್ರ ಸಿಗುವುದಿಲ್ಲ. ಸೊಗಡು. ಇಬ್ಬನಿ ಬಿದ್ದ ಡಿಸೆಂಬರಿನ ಕಾಯಿ ಸುಲಿಯುವಾಗ ಕೈಗೆ ಅಂಟುವ ಆ ವಾಸನೆ ಯಾವ ಪೊಟ್ಟಣದಲ್ಲೂ ಬರುವುದಿಲ್ಲ. ಅದಕ್ಕೆ ಚಳಿಗಾಲದಲ್ಲಿ ತವರಿಗೇ ಹೋಗಬೇಕು. ಅಷ್ಟರಲ್ಲಿ ಮಡಿಲಲ್ಲಿ ಮಗುವೂ ಇರುತ್ತದೆ.

ಕಾಯಿತುರಿ ಅಂದಾಗ ನೆನಪಾಯಿತು. ತುರಿದ ತೆಂಗಿನಕಾಯಿಯೂ ಫ್ರೋಜನ್ ಸಿಗುತ್ತದೆ, ಒಳ್ಳೆಯದೇ. ಆದರೆ ತಣ್ಣಗಿದ್ದಾಗ ರುಬ್ಬಿದರೆ ಕಾಯಿಯ ಕೊಬ್ಬು ಬೆಣ್ಣೆಯ ಹಾಗೆ ಗಂಟು ಕಟ್ಟಿ ಮಿಕ್ಸಿಗೆ ಅಂಟುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ.

ಪ್ರಶ್ನೆ: ಮೇಡಂ, ಘನ್ಸೋಲಿಯಲ್ಲಿ ಮೂವರು ಹುಡುಗರು ರೂಮು ಮಾಡಿಕೊಂಡಿದ್ದೇವೆ. ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರ್, ಒಂದು ಬಾಣಲೆ. ಫ್ರಿಜ್ಜು ಹಳೆಯದು, ಒಂದೇ ಬಾಗಿಲು. ಹೋಟೆಲ್ ಊಟ ಸಾಕಾಗಿದೆ. ನಮಗೆ ಆಗುತ್ತದಾ? (ನವಿ ಮುಂಬಯಿಯ ಓದುಗರು)

ಉತ್ತರ: ಆಗುತ್ತದೆ ತಮ್ಮಾ. ಮೊದಲು ಫ್ರಿಜ್ಜು ಪರೀಕ್ಷೆ ಮಾಡಿ. ಐಸ್ ಖಾನೆಯಲ್ಲಿ ಒಂದು ಕಪ್ ಐಸ್‌ಕ್ರೀಮ್ ರಾತ್ರಿ ಇಡಿ. ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿ ಇದ್ದರೆ ತರಕಾರಿ ಇಡಬಹುದು. ಚಮಚ ಸುಲಭವಾಗಿ ಇಳಿದರೆ ಅಲ್ಲಿ ಸಾಕಷ್ಟು ತಣ್ಣಗಿಲ್ಲ. ಆಗ ತಿಂಗಳಿಗೆ ಆಗುವಷ್ಟು ತರಬೇಡಿ, ಎರಡು ಮೂರು ದಿನಕ್ಕೆ ಆಗುವ ಸಣ್ಣ ಪೊಟ್ಟಣ ತನ್ನಿ. ತರುವಾಗ ಹೊರಗಿನಿಂದ ಹಿಸುಕಿ ನೋಡಿ. ಕಾಳು ಬಿಡಿಬಿಡಿಯಾಗಿ ಆಡಬೇಕು. ಇಡೀ ಪೊಟ್ಟಣ ಒಂದೇ ಇಟ್ಟಿಗೆಯಾಗಿದ್ದರೆ ನಡುವೆ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಅದು ಬೇಡ. ಆಫೀಸಿನ ಹತ್ತಿರ ಕೊಂಡು ಲೋಕಲಿನಲ್ಲಿ ಹೊತ್ತು ತರುವುದಕ್ಕಿಂತ ರೂಮಿನ ಕೆಳಗಿನ ಅಂಗಡಿಯಲ್ಲಿ ಕೊನೆಗೆ ಕೊಳ್ಳಿ.

ಅಡುಗೆ ಅಂದರೆ, ಹೆಸರುಬೇಳೆ ಕಿಚಡಿ ಕುಕ್ಕರಿನಲ್ಲಿ, ಸೀಟಿ ಇಳಿದ ಮೇಲೆ ಬಟಾಣಿ ಬೆರೆಸಿ ಮತ್ತೆ ಮೂರು ನಿಮಿಷ ಕುದಿಸಿ. ಇನ್ನೊಂದು ದಿನ ಬಟಾಣಿ, ಮೆಕ್ಕೆಜೋಳ ಹಾಕಿದ ಉಪ್ಪಿಟ್ಟು. ಮತ್ತೊಂದು ದಿನ ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಪಲ್ಯಕ್ಕೆ ಒಂದು ಹಿಡಿ ಬಟಾಣಿ. ಎಲೆಕೋಸು, ಸೋರೆಕಾಯಿ, ಹೀರೆಕಾಯಿ, ಬದನೆ ಯಾವತ್ತೂ ತಾಜಾ ತನ್ನಿ. ಎಲೆಕೋಸು ಹೆಚ್ಚಲು ಐದು ನಿಮಿಷ ಬೇಕು, ಅಷ್ಟೇ ತಾನೆ. ಊರಿನಿಂದ ಬರುವಾಗ ಅಮ್ಮನ ಕೈಯ ಚಟ್ನಿಪುಡಿ ಎರಡು ಡಬ್ಬ ಜಾಸ್ತಿ ತನ್ನಿ. ಅರ್ಧ ಅಡುಗೆ ಅದರಲ್ಲೇ ಇದೆ.

ಪ್ರಶ್ನೆ: ಫ್ರೋಜನ್ ಮೆಕ್ಕೆಜೋಳ ಕರಗಿಸಿ ಹಾಗೇ ಕೋಸಂಬರಿಗೆ ಹಾಕಬಹುದೇ? (ಸಾಂತಾಕ್ರೂಜ್ ಓದುಗರು)

ಉತ್ತರ: ಬೇಡ. ಅದು ಬೇಯಿಸಿ ತಿನ್ನಲು ಮಾಡಿದ್ದು. ಬಾಡಿಸಿರುತ್ತಾರೆ ಅಂದರೆ ಪೂರ್ತಿ ಬೆಂದಿದೆ ಅಂತ ಅರ್ಥವಲ್ಲ. ಚಳಿಗೆ ಕ್ರಿಮಿಗಳು ಸುಮ್ನೆ ಮಲಗಿರುತ್ತವೆ, ಎಲ್ಲವೂ ಸಾಯುವುದಿಲ್ಲ. 2015ರಿಂದ 2018ರ ನಡುವೆ ಯುರೋಪಿನ ಹಲವು ದೇಶಗಳಲ್ಲಿ ಲಿಸ್ಟೀರಿಯಾ ಎಂಬ ಕ್ರಿಮಿಯಿಂದ ಜನ ಕಾಯಿಲೆ ಬಿದ್ದರು, ಕೆಲವರು ಸತ್ತರು. ಮೂಲ ಹುಡುಕಿದಾಗ ಸಿಕ್ಕಿದ್ದು ಫ್ರೋಜನ್ ಮೆಕ್ಕೆಜೋಳ. ಬಸುರಿಯರಿಗೆ, ವಯಸ್ಸಾದವರಿಗೆ ಅದು ತುಂಬಾ ಅಪಾಯ. ಮೂರು ನಾಲ್ಕು ನಿಮಿಷ ಚೆನ್ನಾಗಿ ಕುದಿಸಿ, ಬಸಿದು, ಆರಿಸಿ ಆಮೇಲೆ ಕೋಸಂಬರಿಗೆ ಹಾಕಿ. ಮುಲುಂಡಿನ ಮಗಳೇ, ಇದನ್ನು ನೀವೂ ಗಮನಿಸಿ.

ಪ್ರಶ್ನೆ: ಕರೆಂಟು ಹೋದರೆ ಫ್ರೀಜರಿನ ತರಕಾರಿ ಎಷ್ಟು ಹೊತ್ತು ತಡೆಯುತ್ತದೆ? ನಾವು ಊರಿಗೆ ಹೋದಾಗ ಕರೆಂಟು ಹೋಗಿ ಬಂದದ್ದು ಗೊತ್ತಾಗುವುದಾದರೂ ಹೇಗೆ? (ಕಲ್ಯಾಣದ ಓದುಗರು)

ಉತ್ತರ: 2020ರ ಅಕ್ಟೋಬರ್ 12 ನೆನಪಿದೆಯಾ? ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿ ಎಲ್ಲ ಕಡೆ ಒಮ್ಮೆಲೇ ಕರೆಂಟು ಹೋಯಿತು. ಲೋಕಲ್ಲುಗಳು ನಿಂತಲ್ಲೇ ನಿಂತವು. ನಮ್ಮ ಮನೆಗೆ ಮರಳಿ ಬಂದದ್ದು ಸಂಜೆ. ಲಾಕ್‌ಡೌನಿನ ಕಾಲ ಅಂತ ನಾನು ಫ್ರೀಜರ್ ತುಂಬಿಸಿಟ್ಟಿದ್ದೆ. ಗಾಬರಿಯಲ್ಲಿ ಗಂಟೆಗೊಮ್ಮೆ ಬಾಗಿಲು ತೆರೆದು ನೋಡಿದೆ. ಸಂಜೆಗೆ ಎಲ್ಲ ಮೆತ್ತಗಾಗಿತ್ತು. ಎದುರು ಮನೆಯವರು ಬಾಗಿಲು ಮುಟ್ಟಿರಲೇ ಇಲ್ಲ. ಅವರ ಬಟಾಣಿ ಕಲ್ಲಿನ ಹಾಗೆ ಇತ್ತು. ಹಾಳು ಮಾಡಿದ್ದು ಕರೆಂಟಿಗಿಂತ ನನ್ನ ಕೈ.

ಬಾಗಿಲು ತೆರೆಯದಿದ್ದರೆ ತುಂಬಿದ ದೊಡ್ಡ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಸಣ್ಣದು, ಅದಕ್ಕೆ ನಾನು ಅರ್ಧ ದಿನ ಅಂತಲೇ ಇಟ್ಟುಕೊಳ್ಳುತ್ತೇನೆ. ಇನ್ನೂ ಮಂಜಿನ ಹರಳು ಕಾಣುತ್ತಿದ್ದರೆ ಮತ್ತೆ ಹೆಪ್ಪುಗಟ್ಟಲು ಬಿಡಬಹುದು, ರುಚಿ ಸ್ವಲ್ಪ ಇಳಿಯುತ್ತದೆ. ಪೂರ್ತಿ ಕರಗಿದ್ದು ಇನ್ನೂ ತಣ್ಣಗಿದ್ದರೆ ಕೂಡಲೇ ಬೇಯಿಸಿ. ಬೆಚ್ಚಗಾಗಿದ್ದರೆ ಎಸೆಯಿರಿ, ಕಾಸಿನ ಮುಖ ನೋಡಬೇಡಿ.

ಊರಿಗೆ ಹೋಗುವ ಮುಂಚೆ ಒಂದು ಲೋಟ ನೀರು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ. ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಮರಳಿ ಬಂದಾಗ ನಾಣ್ಯ ಮೇಲೇ ಇದ್ದರೆ ನಿಶ್ಚಿಂತೆ. ತಳಕ್ಕೆ ಇಳಿದಿದ್ದರೆ ನಡುವೆ ಎಲ್ಲ ಕರಗಿತ್ತು ಅಂತ ತಿಳಿಯಿರಿ.

ಪ್ರಶ್ನೆ: ಜನವರಿಯಲ್ಲಿ ಬಟಾಣಿ ಅಗ್ಗ. ಮನೆಯಲ್ಲೇ ಫ್ರೀಜ್ ಮಾಡಿಟ್ಟರೆ ಅಂಗಡಿಯದರ ಹಾಗೆ ಬರುತ್ತದೆಯೇ? ಕಳೆದ ವರ್ಷ ಸುಲಿದು ಹಾಗೇ ಇಟ್ಟಿದ್ದೆ. ಎರಡು ತಿಂಗಳಿಗೆ ಹುಲ್ಲಿನ ವಾಸನೆ ಬಂತು. (ಡೊಂಬಿವಲಿಯ ಓದುಗರು)

ಉತ್ತರ: ಬಾಡಿಸದೆ ಇಟ್ಟಿರಿ, ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡಿದವು. ಈ ಸಲ ದೊಡ್ಡ ಪಾತ್ರೆಯಲ್ಲಿ ನೀರು ಭರ್ರನೆ ಕುದಿಸಿ. ಎರಡು ಹಿಡಿ ಬಟಾಣಿ ಮಾತ್ರ ಹಾಕಿ. ನೀರು ಮತ್ತೆ ಕುದಿ ಬಂದ ಮೇಲೆ ಒಂದೂವರೆ ನಿಮಿಷ. ಕೂಡಲೇ ಬಸಿದು ಐಸ್ ಹಾಕಿದ ನೀರಿಗೆ. ಹಸಿ ಬೀನ್ಸು, ಹೂಕೋಸಾದರೆ ಮೂರು ನಿಮಿಷ. ಆಮೇಲೆ ಹಳೆಯ ಕಾಟನ್ ಸೀರೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ. ಈ ಮೆಟ್ಟಿಲನ್ನು ಜನ ಬಿಡುತ್ತಾರೆ, ಆಮೇಲೆ ಗಡ್ಡೆ ಕಟ್ಟಿತು ಅನ್ನುತ್ತಾರೆ. ಆರಿದ್ದನ್ನು ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರಿಗೆ. ಕಾಳು ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು ಕಟ್ಟಿ. ಚೀಲದ ಮೇಲೆ ತಾರೀಕು ಬರೆಯಿರಿ.

ಅಂಗಡಿಯದರಷ್ಟು ಚೆನ್ನಾಗಿ ಬರುವುದಿಲ್ಲ. ಮನೆಯ ಫ್ರೀಜರ್ ನಿಧಾನ, ಹರಳು ದೊಡ್ಡದು, ಕಾಳು ಸ್ವಲ್ಪ ಮೆತ್ತಗೆ. ಸಾರು, ಸಾಗು, ಕಿಚಡಿಗೆ ಏನೂ ತೊಂದರೆಯಿಲ್ಲ. ಸುಲಿಯುವ ಕೆಲಸವನ್ನು ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ, ಮನೆಮಂದಿಯೆಲ್ಲ ಸುತ್ತ ಕೂರಲಿ. ಐದು ಕಿಲೋ ಕಾಯಿಗೆ ಎರಡು ಎರಡೂವರೆ ಕಿಲೋ ಕಾಳು ಬರುತ್ತದೆ. ಕೊಳ್ಳುವ ಮೊದಲು ಫ್ರೀಜರಿನಲ್ಲಿ ಅಷ್ಟು ಜಾಗ ಇದೆಯಾ ನೋಡಿಕೊಳ್ಳಿ.